ವ್ಯಾಯಾಮವೂ ಒಂದು ನಿತ್ಯ ನಿಯಮ

(ಗುಂಡ್ಲುಪೇಟೆಯ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ವೈದ್ಯಾಧಿಕಾರಿಯೊಬ್ಬರು ನೀಡಿದ ಉಪನ್ಯಾಸ)

 

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತಮ್ಮ 46ನೇ ವಯಸ್ಸಿನಲ್ಲಿ ತೀರಿಕೊಂಡರು. ಗಾಜನೂರಿನ ಮನೆತನದ ಮಗ ಎಂದು ನಮ್ಮ ಜಿಲ್ಲೆಯ ಮನೆಮನೆಯೂ ಅತ್ತಿತು. ಬೆಳಿಗ್ಗೆ ವ್ಯಾಯಾಮ ಮಾಡಿದ ಮೇಲೆ ಅಸ್ವಸ್ಥರಾದರು ಎಂಬ ಸುದ್ದಿ ಕೇಳಿ, ಅಲ್ಲಿಯವರೆಗೆ ದಿನವೂ ನಡೆಯುತ್ತಿದ್ದ ಎಷ್ಟೋ ಜನ ನಡಿಗೆಯನ್ನೇ ಬಿಟ್ಟರು. ‘ಅಂಥ ಗಟ್ಟಿಮುಟ್ಟಾದ ಆಳಿಗೇ ಹಂಗಾಯ್ತಲ್ಲ ಸಾರ್, ನಮಗ್ಯಾಕ ಬುಡಿ’ ಎಂದು ನನಗೇ ಹೇಳಿದವರಿದ್ದಾರೆ. ಆ ಭಯ ಸಹಜ. ಆದರೆ ಅದರಿಂದ ತೆಗೆದ ತೀರ್ಮಾನ ಸರಿಯಲ್ಲ. ಹೃದಯದ ಕಾಯಿಲೆ ಒಳಗೇ ಇದ್ದೂ ಗೊತ್ತಾಗದಿರಬಹುದು. ಆದ್ದರಿಂದ ತಪಾಸಣೆ ಬೇಕು. ವ್ಯಾಯಾಮವನ್ನೇ ಬಿಟ್ಟರೆ ಅಪಾಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ನಮ್ಮ ದೇಹದಲ್ಲಿ ನಾವು ಹೇಳದೆಯೇ ಕೆಲಸ ಮಾಡುವ ನರಮಂಡಲ ಒಂದಿದೆ. ಅದರಲ್ಲಿ ಎರಡು ಭಾಗ. ಒಂದು ಸಿಂಪಥೆಟಿಕ್; ಅದನ್ನು ಗಾಡಿ ಹೊಡೆಯುವವನ ಚಾವಟಿ ಎನ್ನಿ. ಸಿಟ್ಟು, ಭಯ, ಸಾಲದ ಚಿಂತೆ ಬಂದಾಗ ಅದು ಹೃದಯವನ್ನು ಓಡಿಸುತ್ತದೆ, ರಕ್ತನಾಳಗಳನ್ನು ಬಿಗಿಯುತ್ತದೆ. ಇನ್ನೊಂದು ಪ್ಯಾರಾಸಿಂಪಥೆಟಿಕ್, ಅದು ಮೂಗುದಾರ, ವೇಗವನ್ನು ತಗ್ಗಿಸುತ್ತದೆ. ರಕ್ತದೊತ್ತಡವಿರುವ ಅನೇಕರಲ್ಲಿ ಚಾವಟಿಯ ಕೈ ಮೇಲಾಗಿರುತ್ತದೆ.

ದಿನವೂ ಬಿರುಸಾಗಿ ನಡೆಯುವವರಲ್ಲಿ ಈ ಚಾವಟಿಯೇಟು ವಾರಗಳು ಕಳೆದಂತೆ ಕಡಿಮೆಯಾಗುತ್ತದೆ, ಮೂಗುದಾರಕ್ಕೆ ಬಲ ಬರುತ್ತದೆ. ಸುಮ್ಮನೆ ಕುಳಿತಾಗಿನ ನಾಡಿಬಡಿತ ಇಳಿಯುತ್ತದೆ. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ಹೆಚ್ಚು ಬಿಡುಗಡೆ ಮಾಡಿ ನಾಳವನ್ನು ಸಡಿಲಿಸುತ್ತದೆ. ಒಂದು ಸಲ ನಡೆದರೂ ನಂತರ ಕೆಲವು ಗಂಟೆ ಒತ್ತಡ ತುಸು ತಗ್ಗಿರುತ್ತದೆ. ಆದರೆ ನಡಿಗೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಈ ಲಾಭವೆಲ್ಲ ಕರಗುತ್ತದೆ. ಆದ್ದರಿಂದಲೇ ಇದನ್ನು ನಿತ್ಯ ನಿಯಮ ಎನ್ನುತ್ತೇನೆ. ವರ್ಷಕ್ಕೊಮ್ಮೆ ಇಷ್ಟಲಿಂಗ ಪೂಜೆ ಮಾಡಿ ಉಳಿದ ದಿನ ಮರೆತುಬಿಡುತ್ತೇವೆಯೇ? ವರ್ಷಕ್ಕೊಮ್ಮೆ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರೆ ವರ್ಷದ ವ್ಯಾಯಾಮ ಮುಗಿಯುವುದೂ ಇಲ್ಲ.

ಇನ್ನು, ನನ್ನ ಮನೆಯ ಮಾತೊಂದನ್ನು ಹೇಳಬೇಕು. ಹೇಳಲು ಸಂಕೋಚವಾಗುತ್ತದೆ; ಆದರೂ ಶಿವಾನುಭವದಲ್ಲಿ ಮುಚ್ಚಿಡಬಾರದು.

ನಮ್ಮಣ್ಣನವರು ಇದೇ ತಾಲ್ಲೂಕಿನಲ್ಲಿ ಅರಿಶಿನ, ಈರುಳ್ಳಿ ಬೆಳೆಯುತ್ತಿದ್ದರು. ಟ್ರ್ಯಾಕ್ಟರ್ ಬಂದ ಮೇಲೆ ಉಳುಮೆ ನಿಂತಿತು, ಬೋರ್‌ವೆಲ್ ಮೋಟಾರ್ ಬಂದು ಏತದ ಕಾಲ ಹೋಯಿತು, ಹೊಲಕ್ಕೂ ಬೈಕಿನಲ್ಲೇ ಹೋಗುವುದಾಯಿತು. ಒತ್ತಡ 170/100 ಇತ್ತು. ಮಾತ್ರೆ ಬರೆದುಕೊಟ್ಟು, ‘ದಿನಾ ನಡೀರಣ್ಣ, ಇಳಿಯುತ್ತೆ’ ಎಂದೆ. ನಡೆದರು. ಮೂರು ತಿಂಗಳಲ್ಲಿ ಒತ್ತಡ ಹತೋಟಿಗೆ ಬಂತು. ‘ಈಗ ತಲೆಸುತ್ತು ಇಲ್ಲ, ಚೆಂದಾಗಿ ನಡೀತೀನಿ, ಇನ್ನು ಮಾತ್ರ ಯಾಕ ಕಣಪ್ಪ’ ಎಂದು ಮಾತ್ರೆ ನಿಲ್ಲಿಸಿದರು. ನನಗೆ ತಿಳಿಸಲಿಲ್ಲ, ನಾನೂ ಕೇಳಲಿಲ್ಲ. ಆ ವರ್ಷದ ದೀಪಾವಳಿಗೆ ಮೊದಲೇ ಲಕ್ವ ಹೊಡೆದು ಬಲಗೈ ಹೋಯಿತು. ಇಂದಿಗೂ ಅವರು ಲಿಂಗಪೂಜೆಗೆ ಕುಳಿತಾಗ ವಿಭೂತಿಯನ್ನು ಅತ್ತಿಗೆಯವರೇ ಹಚ್ಚಬೇಕು. ಅದನ್ನು ನೋಡಿದಾಗಲೆಲ್ಲ ನಾನು ಹೇಳದೆ ಬಿಟ್ಟ ಅರ್ಧ ಮಾತು ನನ್ನನ್ನು ಚುಚ್ಚುತ್ತದೆ.

ಆ ಅರ್ಧ ಮಾತು ಇದು: ರಕ್ತದೊತ್ತಡವಿದ್ದವರು ನಿಯಮಿತವಾಗಿ ನಡೆದರೆ ಮೇಲಿನ ಅಂಕಿ ಸಾಮಾನ್ಯವಾಗಿ 5ರಿಂದ 8ರಷ್ಟು ಇಳಿಯುತ್ತದೆ. ಅದು ಸಣ್ಣ ಲಾಭವಲ್ಲ. ಆದರೆ ನಡಿಗೆಯೊಂದರಿಂದಲೇ 170 ಇದ್ದದ್ದು 120 ಆಗುವುದಿಲ್ಲ. ಅಣ್ಣನವರ ಒತ್ತಡ ಇಳಿದದ್ದು ಮಾತ್ರೆ, ನಡಿಗೆ ಎರಡೂ ಸೇರಿ. ತಲೆಸುತ್ತು ಇಲ್ಲವೆಂದರೆ ಒತ್ತಡ ಇಲ್ಲವೆಂದಲ್ಲ; ಇದು ಸದ್ದಿಲ್ಲದೆ ಇರುವ ರೋಗ. ಮಾತ್ರೆ ಕಡಿಮೆ ಮಾಡುವುದಾದರೆ ವೈದ್ಯರು ಅಳೆದು ನೋಡಿ ಮಾಡಬೇಕು, ನಾವಲ್ಲ.

ಎಷ್ಟು ನಡೆಯಬೇಕು? ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ. ಜೊತೆಯವರೊಡನೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಉಸಿರು ಬಿಗಿಹಿಡಿದು ಭಾರ ಎತ್ತಬೇಡಿ, ಆಗ ಒತ್ತಡ ಒಮ್ಮೆಲೇ ಏರುತ್ತದೆ. ಒತ್ತಡ 180/110 ದಾಟಿದ್ದರೆ ಮೊದಲು ಚಿಕಿತ್ಸೆ, ಆಮೇಲೆ ವ್ಯಾಯಾಮ. ನಡೆಯುವಾಗ ಎದೆ ಹಿಡಿದಂತಾದರೆ, ಎಡಗೈ ಅಥವಾ ದವಡೆ ನೋವು ಬಂದರೆ ಅಲ್ಲೇ ನಿಂತು ಆಸ್ಪತ್ರೆಗೆ ಹೋಗಿ. ‘ಗ್ಯಾಸ್ಟ್ರಿಕ್’ ಎಂದು ಸೋಡಾ ಕುಡಿದು ಮಲಗಬೇಡಿ.

ಐದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆರಿಸಿ ತಂದಾಗ ಲಕ್ಕಮ್ಮನವರು ಅದನ್ನು ವಾಪಸು ಸುರಿದು ಬರಲು ಹೇಳಿದ ಕಥೆ ನಿಮಗೆಲ್ಲ ಗೊತ್ತು. ಆ ಮಿತಿ ನಮಗೂ ಬೇಕು. ಉಪ್ಪು ಎಲ್ಲ ಸೇರಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚೆಗಿಂತ ಕಡಿಮೆ ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಅದರೊಳಗೇ ಬರಬೇಕು. ದಾಸೋಹದ ಅಡುಗೆಯಲ್ಲೂ ಒಂದು ಹಿಡಿ ಕಡಿಮೆ ಹಾಕಬಹುದೆಂದು ಪೂಜ್ಯರಲ್ಲಿ ವಿನಂತಿಸುತ್ತೇನೆ.

ತಾಯಂದಿರಿಗೆ ಒಂದು ಮಾತು. ‘ಬೆಳಗಿಂದ ಬೈಗಿನವರೆಗೆ ಮನೆಗೆಲಸ ಇದೆಯಲ್ಲ’ ಎನ್ನುತ್ತೀರಿ. ಆ ದುಡಿಮೆ ವ್ಯರ್ಥವಲ್ಲ. ಆದರೂ ಎಡೆಬಿಡದೆ ಅರ್ಧ ಗಂಟೆ ನಡೆಯಲು ನಿಮಗೂ ಬಿಡುವು ಸಿಗಬೇಕು. ಅಷ್ಟು ಹೊತ್ತು ಒಲೆಯನ್ನು ಗಂಡಸರು ನೋಡಿಕೊಳ್ಳಲಿ. ಹೆಣ್ಣು ಗಂಡು ಸಮಾನವೆಂದ ಶರಣರ ಮಾತು ಅಡುಗೆಮನೆಗೂ ಅನ್ವಯಿಸುತ್ತದೆ.

ಬಸವಣ್ಣನವರು ಈ ದೇಹವನ್ನೇ ಗುಡಿಯೆಂದು ಕಂಡರು. ನಾಳೆ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಚಪ್ಪಲಿ ಮೆಟ್ಟಿ, ಊರಾಚೆಯ ಕೆರೆ ಏರಿಯವರೆಗೆ ಹೋಗಿಬನ್ನಿ. ಈ ವಾರವೇ ಒತ್ತಡ ಅಳತೆ ಮಾಡಿಸಿ. ಮನೆಗೆ ಹೋದೊಡನೆ ನಿಮ್ಮ ಅಣ್ಣನನ್ನೋ ಅಕ್ಕನನ್ನೋ ಒಂದು ಮಾತು ಕೇಳಿ: ‘ಮಾತ್ರೆ ತಗೊಂಡ್ರಾ?’ ನಾನು ಕೇಳದೇ ಹೋದ ಮಾತು ಅದು.