ವಿಕಟಕವಿಯನ್ನ ತಿರುಗಿಸಿ ನೋಡಿ

ವಾರವಿಡೀ ಹಿಂಜವಡಿ ಟ್ರಾಫಿಕ್‌ನಲ್ಲಿ ಕೂತವರು ಭಾನುವಾರ ಬೆಳಿಗ್ಗೆ ಮತ್ತೆ ಮನೆ ಬಿಟ್ಟು ಬಂದಿದ್ದೀರಿ. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೆ ಬರ್ತೀನಿ.

ಪುಣೆಯಲ್ಲಿ ನನಗೆ ಸಿಗೋ ಹೊಸ ಹುಡುಗರು, ಹುಡುಗಿಯರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳ್ತಾರೆ: ಮುಂದೆ ಏನು ಕಲೀಲಿ? ಜಾವಾ ಆಯ್ತು, ಪೈಥಾನ್ ಆಯ್ತು, ರಿಯಾಕ್ಟ್ ಅರ್ಧ ಆಯ್ತು, ಈಗ ಕ್ಲೌಡಾ, ಎಐನಾ? ಹೋದ ವರ್ಷ ಬಾಗಲಕೋಟೆ ಕಡೆಯ ಒಬ್ಬ ಹುಡುಗ ಹೀಗೇ ಬಂದ. ಬಿಇ ಮುಗಿಸಿ, ವಾಕಡ್‌ನಲ್ಲಿ ಪಿಜಿ ಹಿಡಿದು 11 ತಿಂಗಳಾಗಿತ್ತು. ಒಂದು ಇನ್‌ಸ್ಟಿಟ್ಯೂಟಿಗೆ 60,000 ರೂಪಾಯಿ ಕಟ್ಟಿ ಫುಲ್ ಸ್ಟ್ಯಾಕ್ ಕೋರ್ಸ್ ಮುಗಿಸಿದ್ದ. ಆ ದುಡ್ಡು ಅವರಪ್ಪ ಕಬ್ಬಿನ ಬಿಲ್ ಬಂದಮೇಲೆ ತೀರಿಸ್ತೀನಿ ಅಂತ ತಂದ ಕೈಗಡ. "ಇನ್ನೊಂದು ಕೋರ್ಸ್ ಐತ್ರಿ ಸರ, ಡೆವ್‌ಆಪ್ಸ್. 40,000 ಅಂತಾರ. ಸೇರ್ಲೇನ್ರಿ?" ಅಂದ.

ಬೇಡ ಅಂದೆ. ಬೇಡ ಅನ್ನೋದು ಸುಲಭ, ಆದರೆ ಅವನ ಕೈಗೆ ಬೇರೆ ಏನಾದ್ರೂ ಕೊಡಬೇಕಲ್ಲ. ಒಂದು ಲೆಕ್ಕ ಕೊಟ್ಟೆ. ಇವತ್ತು ಅದೇ ಲೆಕ್ಕ ನಿಮ್ಮ ಮುಂದೆ ಇಡ್ತೀನಿ.

ಪಾಲಿಂಡ್ರೋಮ್ ಪ್ರೋಗ್ರಾಂ ನಿಮಗೆಲ್ಲ ಗೊತ್ತು. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಇರೋ ಪದ. ಲ್ಯಾಬ್‌ನಲ್ಲಿ ಮಾಡಿರ್ತೀರಿ, ಇಂಟರ್‌ವ್ಯೂನಲ್ಲೂ ಕೇಳಿರ್ತಾರೆ. ಪೈಥಾನ್‌ನಲ್ಲಾದ್ರೆ ಒಂದೇ ಸಾಲು: ಪದವನ್ನ ತಿರುಗಿಸು, ಮೂಲಕ್ಕೆ ಸಮ ಇದೆಯಾ ನೋಡು. ಎಲ್ಲರೂ 'ಮೇಡಮ್' ಅಂತ ಇಂಗ್ಲಿಷಲ್ಲಿ ಕೊಟ್ಟು, ಟ್ರೂ ಬಂತು ಅಂತ ಖುಷಿಪಟ್ಟು ಮುಂದೆ ಹೋಗ್ತಾರೆ. ನಾನು ಅವನಿಗೆ ಹೇಳಿದ್ದು, ಅದೇ ಪ್ರೋಗ್ರಾಂಗೆ ಕನ್ನಡ ಪದ ಕೊಡು ಅಂತ. ಮೊದಲು 'ನಯನ', ಆಮೇಲೆ 'ವಿಕಟಕವಿ'.

ನಯನಕ್ಕೆ ಟ್ರೂ ಬಂತು. ವಿಕಟಕವಿಗೆ ಫಾಲ್ಸ್!

ತೆನಾಲಿ ರಾಮಕೃಷ್ಣನ ಕಥೆ ಕೇಳಿದ ಯಾವ ಮಗುವಿಗಾದ್ರೂ ಗೊತ್ತು, ವಿಕಟಕವಿ ಎರಡೂ ಕಡೆಯಿಂದ ಒಂದೇ. ಕಂಪ್ಯೂಟರ್ ಅಲ್ಲ ಅನ್ನುತ್ತೆ. ಇಲ್ಲಿ ಯಾರು ಸರಿ? ಹೊಸಬರು ಇಲ್ಲಿ ಮಾಡೋದು ಏನು ಅಂದ್ರೆ, "ಪೈಥಾನ್‌ಗೆ ಕನ್ನಡ ಬರಲ್ಲ" ಅಂತ ಲ್ಯಾಪ್‌ಟಾಪ್ ಮುಚ್ಚೋದು. ಪೈಥಾನ್‌ಗೆ ಕನ್ನಡ ಚೆನ್ನಾಗೇ ಬರುತ್ತೆ. ನಾವು ಅಕ್ಷರ ಅನ್ನೋದೂ ಅದು ಅಕ್ಷರ ಅನ್ನೋದೂ ಬೇರೆ ಬೇರೆ, ಅಷ್ಟೇ.

ನಮಗೆ 'ವಿ' ಒಂದು ಅಕ್ಷರ. ಯೂನಿಕೋಡ್‌ನಲ್ಲಿ ಅದು ಎರಡು: 'ವ' ಒಂದು, ಅದಕ್ಕೆ ಹಾಕೋ ಗುಡಿಸು ಇನ್ನೊಂದು. ಇವಕ್ಕೆ ಕೋಡ್ ಪಾಯಿಂಟ್ ಅಂತಾರೆ. ವಿಕಟಕವಿ ನಮಗೆ ಐದು ಅಕ್ಷರ, ಪೈಥಾನ್‌ಗೆ ಏಳು ಕೋಡ್ ಪಾಯಿಂಟ್. ತಿರುಗಿಸಿದಾಗ ಕೊನೆಯ ಗುಡಿಸು ಮೊದಲಿಗೆ ಬಂದು, ಯಾವ ವ್ಯಂಜನವೂ ಇಲ್ಲದೆ ಅನಾಥವಾಗಿ ನಿಲ್ಲುತ್ತೆ. ಸ್ಕ್ರೀನ್ ಮೇಲೆ ಚುಕ್ಕಿ ವೃತ್ತದ ಜೊತೆ ಕಾಣುತ್ತಲ್ಲ, ಅದೇ. 'ಕನ್ನಡ' ತಗೊಳ್ಳಿ. ನಮಗೆ ಮೂರಕ್ಷರ, ಪೈಥಾನ್‌ನಲ್ಲಿ ಉದ್ದ ಕೇಳಿದ್ರೆ 5. ಯುಟಿಎಫ್-8 ಆಗಿ ಬದಲಾಯಿಸಿದ್ರೆ 15 ಬೈಟ್, ಯಾಕಂದ್ರೆ ಒಂದೊಂದು ಕನ್ನಡ ಕೋಡ್ ಪಾಯಿಂಟ್‌ಗೂ ಮೂರು ಬೈಟ್ ಬೇಕು. ಒಂದೇ ಪದ, ಮೂರು ಉದ್ದ. ಮೂರೂ ಸರಿಯೇ.

ಎರಡು ದಿನ ಬಿಟ್ಟು ಅವನೇ ಒಂದು ಉದಾಹರಣೆ ಹುಡುಕಿ ತಂದ. ನನಗೆ ತುಂಬ ಇಷ್ಟವಾಗಿದ್ದು ಅದು. ಅವನ ರೂಂಮೇಟ್ ಹೆಸರು ನಿತಿನ್, ಮರಾಠಿ ಹುಡುಗ. ಇಂಗ್ಲಿಷಲ್ಲಿ ಆ ಹೆಸರು ಪಾಲಿಂಡ್ರೋಮ್, ಎಷ್ಟೋ ಪಾಠಗಳಲ್ಲಿ ಅದೇ ಉದಾಹರಣೆ. ಹಿಂದಿಯಲ್ಲಿ ಬರೆದಾಗ ಕೊನೆಗೆ ಹಲಂತ ಹಾಕಲ್ಲ, 'ನಿತಿನ' ಅಂತಲೇ ಬರೀತಾರೆ. ಅಕ್ಷರ ನೋಡಿದ್ರೆ ನಿ, ತಿ, ನ. ತಿರುಗಿಸಿದ್ರೆ ನ, ತಿ, ನಿ. ಪಾಲಿಂಡ್ರೋಮ್ ಅಲ್ಲ. ಆದರೆ ನಮ್ಮ ಪ್ರೋಗ್ರಾಂ ಟ್ರೂ ಅನ್ನುತ್ತೆ! ಕೋಡ್ ಪಾಯಿಂಟ್‌ಗಳಲ್ಲಿ ನ, ಗುಡಿಸು, ತ, ಗುಡಿಸು, ನ. ಎರಡೂ ಕಡೆಯಿಂದ ಒಂದೇ. ಹೌದು ಅನ್ನಬೇಕಾದಲ್ಲಿ ಇಲ್ಲ ಅನ್ನೋ ಪ್ರೋಗ್ರಾಂ ಒಂದು ದಿನ ಸಿಕ್ಕಿಬೀಳುತ್ತೆ. ಇಲ್ಲ ಅನ್ನಬೇಕಾದಲ್ಲಿ ಹೌದು ಅನ್ನೋದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಓಡ್ತಾ ಇರುತ್ತೆ. ಟೆಸ್ಟಿಂಗ್ ಬಗ್ಗೆ ನಾನು ಒಂದು ಗಂಟೆ ಭಾಷಣ ಮಾಡಿದ್ರೂ ಅವನಿಗೆ ಇಷ್ಟು ಅರ್ಥ ಆಗ್ತಿರಲಿಲ್ಲ.

ಪದಗಳನ್ನೆಲ್ಲ ಒಂದು ಫೈಲಿಗೆ ಹಾಕಿ ಓದಿಸೋಕೆ ಹೋದಾಗ ಇನ್ನೊಂದು ತಮಾಷೆ ಆಯ್ತು. ಅವನದು ವಿಂಡೋಸ್ ಲ್ಯಾಪ್‌ಟಾಪ್. ಫೈಲಿನ ಮೊದಲ ಪದವೇ 'ಕನ್ನಡ'. ಪ್ರೋಗ್ರಾಂ ನಿಂತುಹೋಯ್ತು, ಕೆಂಪು ಅಕ್ಷರದಲ್ಲಿ ಉದ್ದಕ್ಕೆ ಎರರ್. ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿದ. ಇದು ಎಲ್ಲ ಹೊಸಬರ ಅಭ್ಯಾಸ, ಎರರ್ ಬಂದ ತಕ್ಷಣ ಅದನ್ನ ಓದದೆ ಫೋಟೋ ಹಿಡಿದು ಯಾರಿಗಾದ್ರೂ ದಾಟಿಸೋದು. "ಕೊನೆಯ ಸಾಲು ಜೋರಾಗಿ ಓದು" ಅಂತ ಫೋನ್‌ನಲ್ಲೇ ಓದಿಸಿದೆ. ಪೈಥಾನ್ ಎರರನ್ನ ಕೆಳಗಿನಿಂದ ಮೇಲಕ್ಕೆ ಓದಬೇಕು, ಕೊನೆಯ ಸಾಲಿನಲ್ಲೇ ವಿಷಯ ಇರುತ್ತೆ. 8ಡಿ ಅನ್ನೋ ಬೈಟನ್ನ ಡಿಕೋಡ್ ಮಾಡೋಕೆ ಆಗ್ತಿಲ್ಲ, ಪೊಸಿಷನ್ 8 ಅಂತ ಇತ್ತು.

ಎಣಿಸು ಅಂದೆ. ಸೊನ್ನೆಯಿಂದ ಶುರು. 'ಕ'ಗೆ 0, 1, 2. ಮೊದಲ 'ನ'ಗೆ 3, 4, 5. ಆಮೇಲೆ ಬರೋದು ಹಲಂತ: 6, 7, 8. ಆ ಹಲಂತದ ಮೂರನೇ ಬೈಟೇ 8ಡಿ. ಪೈಥಾನ್‌ಗೆ ಫೈಲ್ ಯಾವ ಎನ್‌ಕೋಡಿಂಗ್ ಅಂತ ಅವನು ಹೇಳಿರಲಿಲ್ಲ, ಅದು ವಿಂಡೋಸ್‌ನ ಹಳೆಯ 1252 ಕೋಷ್ಟಕ ಹಿಡಿದು ಓದ್ತಿತ್ತು. ಆ ಕೋಷ್ಟಕದಲ್ಲಿ 8ಡಿ ಜಾಗ ಖಾಲಿ. ಫೈಲ್ ತೆರೆಯುವಾಗ ಯುಟಿಎಫ್-8 ಅಂತ ಒಂದು ಮಾತು ಸೇರಿಸಿದ್ರೆ ಮುಗೀತು. ಗೂಗಲ್ ಮಾಡಿದ್ರೂ ಅದೇ ಉತ್ತರ ಹತ್ತು ಸೆಕೆಂಡಿನಲ್ಲಿ ಸಿಕ್ತಿತ್ತು, ನಿಜ. ಆದರೆ ಎರರ್ ಅನ್ನೋದು ಬೈಗುಳ ಅಲ್ಲ, ವಿಳಾಸ ಅಂತ ಅವನಿಗೆ ತಿಳಿದದ್ದು ಬೆರಳಲ್ಲಿ ಎಣಿಸಿದಾಗ. ಆವತ್ತಿನಿಂದ ನನಗೆ ಸ್ಕ್ರೀನ್‌ಶಾಟ್ ಬರೋದು ಕಮ್ಮಿ ಆಯ್ತು.

ಇದೆಲ್ಲ ಆಟದ ಲೆಕ್ಕ, ಕಂಪನಿ ಕೆಲಸಕ್ಕೂ ಇದಕ್ಕೂ ಏನು ಸಂಬಂಧ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸ್ತಿರಬಹುದು. ನೋಡಿ, ಒರಾಕಲ್ ಡೇಟಾಬೇಸ್‌ನಲ್ಲಿ ಹೆಸರಿನ ಕಾಲಂಗೆ 20 ಅಂತ ಬರೆದ್ರೆ, ನೀವು ಬೇರೆ ಹೇಳದೆ ಇದ್ದರೆ ಅದು 20 ಬೈಟ್. 'ವೆಂಕಟೇಶ' ಏಳು ಕೋಡ್ ಪಾಯಿಂಟ್, ಅಂದ್ರೆ 21 ಬೈಟ್. ಹಿಡಿಸಲ್ಲ! ನಾಲ್ಕೇ ಅಕ್ಷರದ ಹೆಸರಿಗೆ 20ರ ಕಾಲಂ ಸಾಲಲ್ಲ ಅಂದ್ರೆ ಫಾರ್ಮ್ ತುಂಬೋ ಅಜ್ಜಿಗೆ ಏನು ಹೇಳ್ತೀರಿ? ಎಸ್‌ಎಂಎಸ್ ತಗೊಳ್ಳಿ. ಇಂಗ್ಲಿಷ್ ಮೆಸೇಜ್ ಒಂದಕ್ಕೆ 160 ಕ್ಯಾರೆಕ್ಟರ್, ಕನ್ನಡದಲ್ಲಿ ಕಳಿಸಿದ್ರೆ 70. ಅದೇ ಮಾತಿಗೆ ಮೆಸೇಜ್ ಎರಡು ಮೂರಾಗಿ ಒಡೆದು ಬಿಲ್ ಏರುತ್ತೆ, ಹಾಗಾಗಿ ಎಷ್ಟೋ ಕಡೆ "ಇಂಗ್ಲಿಷೇ ಇರಲಿ ಬಿಡಿ" ಅಂತ ತೀರ್ಮಾನ ಆಗಿಬಿಡುತ್ತೆ. ಇನ್ನೊಂದು: 'ಕೊ' ಅನ್ನೋದನ್ನ ಯೂನಿಕೋಡ್‌ನಲ್ಲಿ ಎರಡು ರೀತಿ ಬರೀಬಹುದು. ಕ ಮತ್ತು ಒಂದೇ ಸ್ವರಚಿಹ್ನೆ, ಅಥವಾ ಕ, ಎತ್ವ, ಕೊಂಬಿನ ದೀರ್ಘ ಬಿಡಿಬಿಡಿಯಾಗಿ. ಕಣ್ಣಿಗೆ ಎರಡೂ ಒಂದೇ, ಸಮ ಇದೆಯಾ ಅಂತ ಕೇಳಿದ್ರೆ ಫಾಲ್ಸ್. ಸರ್ಚ್‌ನಲ್ಲಿ ಗಿರಾಕಿ ಹೆಸರು ಸಿಗಲ್ಲ, ಆದರೆ ಲಿಸ್ಟ್‌ನಲ್ಲಿ ಕಣ್ಣೆದುರೇ ಇದೆ. ಇದಕ್ಕೆ ನಾರ್ಮಲೈಸೇಶನ್ ಅಂತ ಮದ್ದಿದೆ, ಪೈಥಾನ್ ಜೊತೆಗೇ ಬರುತ್ತೆ. ನಾನು ಎಂಟೆಕ್ ಮುಗಿಸಿ ಬಂದವನು, ಆದರೂ ಇದರಲ್ಲಿ ಒಂದೂ ನನಗೆ ಕ್ಲಾಸ್‌ರೂಮಲ್ಲಿ ಸಿಕ್ಕಿದ್ದಲ್ಲ.

ವಿಕಟಕವಿ ಸರಿಮಾಡೋದು ಹೇಗೆ ಅಂತ ಕೇಳ್ತೀರಿ. ಗ್ರಾಫೀಮ್ ಕ್ಲಸ್ಟರ್ ಅಂತ ಹುಡುಕಿ. ಜನ ಒಂದು ಅಕ್ಷರ ಅಂತ ಕಾಣೋದನ್ನ ಗುಂಪು ಮಾಡೋ ನಿಯಮ ಅದು, ಯೂನಿಕೋಡ್‌ನ 29ನೇ ಅನುಬಂಧದಲ್ಲಿದೆ. ಪೈಥಾನ್ ಜೊತೆ ಬರೋ ಆರ್‌ಇ ಮಾಡ್ಯೂಲ್‌ನಲ್ಲಿ ಇದಕ್ಕೆ ಸೌಲಭ್ಯ ಇಲ್ಲ, ರಿಜೆಕ್ಸ್ ಅನ್ನೋ ಬೇರೆ ಲೈಬ್ರರಿ ಹಾಕ್ಕೋಬೇಕು. ಪದವನ್ನ ಮೊದಲು ಗುಂಪುಗಳಾಗಿ ಒಡೆದು ಆಮೇಲೆ ತಿರುಗಿಸಿ. ವಿಕಟಕವಿ ಟ್ರೂ ಆಗುತ್ತೆ, ನಿತಿನ ಫಾಲ್ಸ್ ಆಗುತ್ತೆ. ಒತ್ತಕ್ಷರ ಇರೋ ಪದ ಕೊಟ್ಟಾಗ ಅದು ಎಲ್ಲಿ ಒಡೆಯುತ್ತೆ ಅನ್ನೋದನ್ನ ನೀವೇ ಮಾಡಿ ನೋಡಿ, ನಾನು ಹೇಳಲ್ಲ.

ಎಐ ಇರುವಾಗ ಇಷ್ಟೆಲ್ಲ ಯಾಕೆ ಅಂತ ಪ್ರಶ್ನೆ ಬಂದೇ ಬರುತ್ತೆ. ಬಳಸಿ, ನಾನೂ ದಿನಾ ಬಳಸ್ತೀನಿ. ಪಾಲಿಂಡ್ರೋಮ್ ಪ್ರೋಗ್ರಾಂ ಬರೆದುಕೊಡು ಅಂತ ಕೇಳಿದ್ರೆ ಅದು ನೀಟಾಗಿ ಕೊಡುತ್ತೆ. ಆ ಕೋಡಿಗೆ ವಿಕಟಕವಿ ಹಾಕಿ ನೋಡಬೇಕು ಅಂತ ಹೊಳೆಯೋದು ಯಾರಿಗೆ? ಕೋಡ್ ಬರೆಯೋದು ಅಗ್ಗ ಆದಷ್ಟೂ ಅದು ಎಲ್ಲಿ ಮುರಿಯುತ್ತೆ ಅಂತ ಊಹಿಸೋರಿಗೆ ಬೆಲೆ ಬರುತ್ತೆ ಅನ್ನೋದು ನನ್ನ ಅಂದಾಜು. ಫ್ರೆಶರ್ ಕೆಲಸಗಳು ಮೊದಲಿನಷ್ಟು ಸಲೀಸಾಗಿ ಸಿಗ್ತಿಲ್ಲ ಅನ್ನೋದನ್ನ ನಾನು ಮುಚ್ಚಿಡಲ್ಲ, ನಿಮಗೇ ಗೊತ್ತಿದೆ.

ನಾನು ಇಂಟರ್‌ವ್ಯೂ ತಗೊಳ್ತೀನಿ. ರೆಸ್ಯೂಮೆಯಲ್ಲಿ ಹದಿನಾಲ್ಕು ತಂತ್ರಜ್ಞಾನದ ಹೆಸರು ಇರುತ್ತೆ. ಒಂದನ್ನ ಹಿಡಿದು ಎರಡು ಪ್ರಶ್ನೆ ಆಳಕ್ಕೆ ಹೋದ್ರೆ ಮೌನ. ಪ್ರಾಜೆಕ್ಟ್ ನೋಡಿದ್ರೆ ಎಲ್ಲರದ್ದೂ ಅದೇ ಇ-ಕಾಮರ್ಸ್ ಸೈಟ್, ಅದೇ ಟು-ಡು ಲಿಸ್ಟ್, ಬಣ್ಣ ಮಾತ್ರ ಬೇರೆ. ಅದರ ಬದಲು "ಭಾರತೀಯ ಲಿಪಿಗಳಲ್ಲಿ ಪಾಲಿಂಡ್ರೋಮ್: ಸಾಮಾನ್ಯ ವಿಧಾನ ಎಲ್ಲಿ ತಪ್ಪುತ್ತೆ" ಅಂತ ಒಂದು ಸಣ್ಣ ಪ್ರಾಜೆಕ್ಟ್, ಜೊತೆಗೆ ನಲವತ್ತು ಟೆಸ್ಟ್ ಇದ್ದರೆ ನಾನು ಕುರ್ಚಿ ಮುಂದಕ್ಕೆ ಎಳೆದು ಕೂರ್ತೀನಿ. ಇಂಗ್ಲಿಷ್ ತಡವರಿಸಿದ್ರೂ ಪರವಾಗಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿ ಇಲ್ಲಿಗೆ ಬಂದವರು ಅದನ್ನ ಮುಚ್ಚಿಡಬೇಕಾದ ವಿಷಯ ಅಂದ್ಕೊಂಡಿರ್ತಾರೆ. ಒತ್ತಕ್ಷರ, ಅರ್ಕಾವತ್ತು ಇವೆಲ್ಲ ಬೆರಳ ತುದಿಯಲ್ಲಿ ಇರೋದು ಅವರಿಗೇ. ಇಂಗ್ಲಿಷ್ ಮಾತ್ರ ಬಲ್ಲ ಟೆಸ್ಟರ್‌ಗೆ ಇದು ಕನಸಲ್ಲೂ ಹೊಳೆಯಲ್ಲ.

ಒಂದು ವಿಷಯ ಮಾತ್ರ ಖಡಾಖಂಡಿತವಾಗಿ ಹೇಳ್ತೀನಿ. "ಎರಡು ವರ್ಷ ಅನುಭವ ಅಂತ ಲೆಟರ್ ಮಾಡಿಕೊಡ್ತೀವಿ" ಅನ್ನೋರು ನಿಮಗೆ ಸಿಗ್ತಾರೆ. ಪುಣೆಯಲ್ಲೂ ಇದ್ದಾರೆ, ಹೈದರಾಬಾದಲ್ಲೂ ಇದ್ದಾರೆ, ಬೆಂಗಳೂರಲ್ಲೂ. ಆ ಹುಡುಗನಿಗೂ ಸಿಕ್ಕಿದ್ರು. ಹತ್ತಿರವೂ ಹೋಗಬೇಡಿ. ಕಂಪನಿಗಳು ಹಿನ್ನೆಲೆ ಪರಿಶೀಲನೆ ಮಾಡಿಸ್ತವೆ, ಪಿಎಫ್ ಖಾತೆಯ ದಾಖಲೆ ನೋಡ್ತವೆ. ಸೇರಿ ಆರು ತಿಂಗಳಾದ ಮೇಲೆ ಸಿಕ್ಕಿಬಿದ್ದು ಹೊರಗೆ ಹೋದವರನ್ನ ಕಂಡಿದ್ದೀನಿ, ಮುಂದಿನ ಕಂಪನಿಗೆ ಏನು ಹೇಳಬೇಕು ಅಂತ ಅವರಿಗೆ ತಿಳೀತಿರಲಿಲ್ಲ. ಹಾಗೇ, ಕೆಲಸ ಕೊಡಿಸ್ತೀವಿ ಅಂತ ಮುಂಗಡ ದುಡ್ಡು ಕೇಳಿದ್ರೆ ಅಲ್ಲಿಂದ ಎದ್ದು ಬನ್ನಿ.

ಅವನ ಕಥೆ ಏನಾಯ್ತು ಅಂತ ಕೇಳ್ತೀರಿ. ಒಂದು ಇಂಟರ್‌ವ್ಯೂನಲ್ಲಿ ಅದೇ ಪಾಲಿಂಡ್ರೋಮ್ ಕೇಳಿದ್ರಂತೆ. ಇವನು ಬರೆಯೋ ಮೊದಲು "ಇನ್‌ಪುಟ್ ಯಾವ ಭಾಷೇಲಿ ಬರಬಹುದು?" ಅಂತ ಕೇಳಿದ. ಮಾತು ಇಪ್ಪತ್ತು ನಿಮಿಷ ನಡೀತಂತೆ. ಆದರೂ ಆ ಕೆಲಸ ಸಿಗಲಿಲ್ಲ. ಮೂರು ತಿಂಗಳಾದ ಮೇಲೆ ಇನ್ನೊಂದು ಕಡೆ ಟೆಸ್ಟಿಂಗ್ ತಂಡದಲ್ಲಿ ಸಿಕ್ತು. ಸಂಬಳ ಅವನು ಅಂದ್ಕೊಂಡಷ್ಟಿಲ್ಲ. ಅಪ್ಪನ ಕೈಗಡ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ತೀರಿಸ್ತಿದ್ದಾನೆ. ಡೆವಲಪ್‌ಮೆಂಟ್ ಕಡೆ ಹೋಗಬೇಕು ಅನ್ನೋ ಆಸೆ ಇದೆ, ನೋಡೋಣ. ಈಗ ಅರ್ಕಾವತ್ತಿನ ಹಿಂದೆ ಬಿದ್ದಿದ್ದಾನೆ. 'ಅರ್ಕ' ಬರೆಯುವಾಗ ಆ ಚಿಹ್ನೆ ಕಾಣೋದು 'ಕ' ಆದ ಮೇಲೆ, ಆದರೆ ಕಂಪ್ಯೂಟರ್‌ನಲ್ಲಿ ರ ಮೊದಲೇ ಕೂತಿರುತ್ತೆ. ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡ್ತಾನೆ, "ಸರ, ಇದನ್ನ ಫಾಂಟ್ ಮಾಡತೈತೋ ಯೂನಿಕೋಡ್ ಮಾಡತೈತೋ?" ಅಂತ.

ಪ್ರಶ್ನೆ ತಗೊಳ್ತೀನಿ. ಹಿಂದಿನ ಸಾಲಿನಲ್ಲಿ ನೀಲಿ ಕುರ್ತಾದವರು ಆಗಿನಿಂದ ಕೈ ಎತ್ತಿದ್ದೀರಿ, ನಿಮ್ಮಿಂದಲೇ ಶುರು ಮಾಡೋಣ. ಮೈಕ್ ಅವರಿಗೆ ಕೊಡಿ ಸ್ವಲ್ಪ.