ಗೇರ್ ಹೋಗಿಲ್ಲ, ಗಿರಾಕಿ ಬದಲಾಗಿದ್ದಾನೆ

ಮೊನ್ನೆ ಪೀಣ್ಯದಿಂದ ವೀಕ್ಷಕರೊಬ್ಬರು ಫೋನ್ ಮಾಡಿದ್ದರು. ಗೇರ್ ಕಟಿಂಗ್ ಶೆಡ್ ಇಟ್ಟುಕೊಂಡವರು. 'ಸರ್, ಎಲೆಕ್ಟ್ರಿಕ್ ಗಾಡಿಗೆ ಗೇರೇ ಇಲ್ವಂತೆ. ಇನ್ನೊಂದು ಹಾಬಿಂಗ್ ಮಷೀನಿಗೆ ಸಾಲ ಮಾಡ್ಲಾ, ಇಲ್ಲ ಶೆಡ್ಡಿಗೆ ಬೀಗ ಹಾಕ್ಲಾ?' ಅಂತ ಕೇಳಿದರು.

ನಾನು ಎಂಜಿನಿಯರಿಂಗ್ ಓದಿದವನು. ಆದರೂ ತಕ್ಷಣ ಉತ್ತರ ಹೊಳೆಯಲಿಲ್ಲ. ಎರಡು ದಿನ ಮಾರ್ಕೆಟ್ ರಿಪೋರ್ಟ್‌ಗಳನ್ನು ಹಿಡಿದು ಕೂತೆ. ಒಂದೊಂದರಲ್ಲಿ ಒಂದೊಂದು ಲೆಕ್ಕ! ಒಬ್ಬರು ಬರೀ ಗೇರ್‌ಬಾಕ್ಸ್ ಎಣಿಸಿದರೆ, ಇನ್ನೊಬ್ಬರು ಮೋಟಾರು, ಇನ್ವರ್ಟರು, ಗೇರು ಮೂರೂ ಸೇರಿದ ಇ-ಆಕ್ಸಲನ್ನೇ ಎಣಿಸುತ್ತಾರೆ. ಆ ಲೆಕ್ಕ ಪಕ್ಕಕ್ಕಿಡಿ, ಗಾಡಿಯನ್ನೇ ಬಿಚ್ಚಿ ನೋಡೋಣ.

ಪೆಟ್ರೋಲ್ ಎಂಜಿನ್‌ಗೆ ನಿಂತಲ್ಲಿಂದ ಎಳೆಯುವ ಶಕ್ತಿ ಇಲ್ಲ. ಅದಕ್ಕೇ ಕ್ಲಚ್ಚು, ಐದಾರು ಗೇರು. ಎಲೆಕ್ಟ್ರಿಕ್ ಮೋಟಾರ್ ಸೊನ್ನೆಯಿಂದಲೇ ಜೋರಾಗಿ ಎಳೆಯುತ್ತೆ. ಆದರೆ ಕಾರಿನ ಮೋಟಾರ್ ನಿಮಿಷಕ್ಕೆ 10 ಸಾವಿರ ಸುತ್ತು ದಾಟುತ್ತೆ. ಅದನ್ನು ನೇರ ಚಕ್ರಕ್ಕೆ ಕಟ್ಟೋಕಾಗುತ್ತಾ? ರಿಡಕ್ಷನ್ ಗೇರ್ ಬೇಕೇ ಬೇಕು. ನಿಸಾನ್ ಲೀಫ್‌ನಲ್ಲಿ ಮೋಟಾರ್ ಸುಮಾರು 8 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಟೆಸ್ಲಾ ತನ್ನ ಮೊದಲ ರೋಡ್‌ಸ್ಟರ್‌ಗೆ ಎರಡು ಗೇರು ಹಾಕಲು ಹೋಗಿ, ಬಾಳಿಕೆ ಬರದೆ ಒಂದಕ್ಕೇ ಇಳಿಯಿತು. 2019ರಲ್ಲಿ ಪೋರ್ಷೆ ಟೈಕಾನ್‌ನ ಹಿಂದಿನ ಆಕ್ಸಲ್‌ಗೆ ಎರಡು ಗೇರು ಕೊಟ್ಟಿತು. ಟಿವಿಎಸ್ ಐಕ್ಯೂಬ್‌ನಂಥ ಸ್ಕೂಟರಿನಲ್ಲಿ ಮೋಟಾರ್ ಚಕ್ರದೊಳಗೇ ಇದೆ.

ಅಂದರೆ, ಗೇರು ಪೂರ್ತಿ ಹೋಗಿಲ್ಲ. ಸಂಖ್ಯೆ ಕಡಿಮೆಯಾಗಿದೆ, ಕೆಲಸ ನಾಜೂಕಾಗಿದೆ. ಎಂಜಿನ್ ಸದ್ದಿನಲ್ಲಿ ಮುಚ್ಚಿಹೋಗುತ್ತಿದ್ದ ಗೇರಿನ ಕೊಂಯ್ ಶಬ್ದ ಈಗ ಡ್ರೈವರ್ ಕಿವಿಗೆ ನೇರ ಕೇಳುತ್ತೆ. ಹಾಗಾಗಿ ಹಲ್ಲು ಕೊರೆದರೆ ಸಾಲದು. ಗ್ರೈಂಡಿಂಗ್ ಆಗಬೇಕು, ಮೈಕ್ರಾನ್ ಲೆಕ್ಕದಲ್ಲಿ ಅಳೆಯಬೇಕು. ಗಿರಾಕಿಯೂ ಬದಲು: ಇಡೀ ಇ-ಆಕ್ಸಲ್ ಒಂದೇ ಕಡೆ ಕೊಳ್ಳುವ ಕಾರ್ ಕಂಪನಿ ಬಿಡಿ ಗೇರು ಕೇಳೋದಿಲ್ಲ.

ಪೀಣ್ಯದ ಆ ವೀಕ್ಷಕರಿಗೆ ನನ್ನ ಉತ್ತರ ಇಷ್ಟೇ. ಬೀಗ ಹಾಕಬೇಡಿ. ಆದರೆ ಹಳೇ ಕೆಲಸಕ್ಕೇ ಇನ್ನೊಂದು ಮಷೀನ್ ಅಂತ ಸಾಲವನ್ನೂ ಮಾಡಬೇಡಿ. ಮೊದಲು ಇ-ಆಕ್ಸಲ್ ಮಾಡುವವರ ಬಾಗಿಲು ತಟ್ಟಿ, ಡ್ರಾಯಿಂಗ್ ಕೇಳಿ. ಗ್ರೈಂಡಿಂಗ್ ಮಷೀನ್ ಒಬ್ಬರ ಕೈಗೆಟುಕದಿದ್ದರೆ ಹತ್ತು ಶೆಡ್ಡಿನವರು ಸೇರಿ. ಸಣ್ಣ ಉದ್ದಿಮೆಗಳು ಹಂಚಿಕೊಂಡು ಬಳಸುವ ಕೇಂದ್ರಗಳಿಗೆ ನೆರವು ಕೊಡುವ ಕ್ಲಸ್ಟರ್ ಯೋಜನೆ ಕೇಂದ್ರ ಸರ್ಕಾರದ್ದೇ ಇದೆ.

ಸರ್ಕಾರಕ್ಕೂ ಒಂದು ಮಾತು. ಎಲೆಕ್ಟ್ರಿಕ್ ಗಾಡಿ ಕೊಳ್ಳುವವರಿಗೆ ಸಬ್ಸಿಡಿ ಕೊಟ್ಟಿರಿ, ಸಂತೋಷ. ಗೇರು ಕೊರೆದು ಬದುಕಿದವರಿಗೆ ದಾರಿ ತೋರಿಸೋರು ಯಾರು? ಆ ಪ್ರಶ್ನೆ ಟಿವಿ ಆಂಕರ್‌ಗೆ ಫೋನ್ ಮಾಡಿ ಕೇಳುವ ಪರಿಸ್ಥಿತಿ ಬರಬಾರದಿತ್ತು.