ಹಂಡೆಯ ಮಾಂಸ, ಕೊಟ್ಟಿಗೆಯ ಗೊಬ್ಬರ



ದನವನ್ನು ಕೊಲ್ಲದೆ ಮಾಂಸ, ಹಸುವನ್ನು ಕರೆಯದೆ ಹಾಲಿನ ಪ್ರೋಟೀನು. ಈ ವಿದ್ಯೆಗೆ ಜೀವಕೋಶ ಕೃಷಿ ಎಂದು ಹೆಸರು. ಕೇಳಿದೊಡನೆ ನಗು ಬರುವುದು ಸಹಜ. ಆದರೆ ಇದು ಬೇರೂರಲು ಹವಣಿಸುತ್ತಿರುವ ನೆಲ ಹೈನುಗಾರಿಕೆಗೆ ಜಗತ್ತಿನಲ್ಲೇ ಹೆಸರಾದ ನೆದರ್ಲೆಂಡ್ಸ್. ಅಲ್ಲಿಯ ರೈತನಿಗೆ ಇದು ನಗುವಿನ ಮಾತಾಗಿ ಉಳಿದಿಲ್ಲ.

ವಿಧಾನ ಸರಳವಾಗಿ ಹೀಗಿದೆ. ಬದುಕಿರುವ ದನದ ಸ್ನಾಯುವಿನಿಂದ ಎಳ್ಳುಕಾಳಿನಷ್ಟು ತುಣುಕನ್ನು ತೆಗೆಯುತ್ತಾರೆ. ಅದರೊಳಗಿನ ಜೀವಕೋಶಗಳನ್ನು ಉಕ್ಕಿನ ಹಂಡೆಯಲ್ಲಿ, ಸಕ್ಕರೆ, ಅಮೈನೋ ಆಮ್ಲ ಮತ್ತು ಲವಣಗಳ ದ್ರವದಲ್ಲಿ, ದನದ ಮೈಯಷ್ಟೇ ಬೆಚ್ಚಗೆ ಇಟ್ಟು ಬೆಳೆಸುತ್ತಾರೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಅವು ಹೆಚ್ಚುತ್ತವೆ. ಇದರ ಕನಸು ಕಂಡವರಲ್ಲಿ ಮೊದಲಿಗರು ವಿಲೆಮ್ ವಾನ್ ಈಲೆನ್. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಶಿಬಿರದಲ್ಲಿ ಹಸಿವಿನಿಂದ ನರಳಿದವರು. 1999ರಲ್ಲಿ ಅವರಿಗೆ ಇದರ ಪೇಟೆಂಟ್ ದೊರೆಯಿತು. 2013ರ ಆಗಸ್ಟ್‌ನಲ್ಲಿ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಮಾರ್ಕ್ ಪೋಸ್ಟ್ ಲಂಡನ್ನಿನಲ್ಲಿ ಇಂತಹ ಮಾಂಸದ ಮೊದಲ ಬರ್ಗರನ್ನು ಹುರಿಸಿ ತೋರಿಸಿದರು. ಆ ಒಂದು ತುಂಡಿಗೆ ತಗುಲಿದ ವೆಚ್ಚ ಸುಮಾರು ಎರಡೂವರೆ ಲಕ್ಷ ಯೂರೊ! 2022ರಲ್ಲಿ ಡಚ್ ಸರ್ಕಾರ ಈ ಉದ್ಯಮವನ್ನು ಬೆಳೆಸಲು ಆರು ಕೋಟಿ ಯೂರೊ ತೆಗೆದಿರಿಸಿತು.

ದನಗಳೇ ತುಂಬಿರುವ ನಾಡಿಗೆ ಇದೇಕೆ ಬೇಕಾಯಿತು? ಉತ್ತರ ಸಗಣಿಯಲ್ಲಿದೆ. ಕರ್ನಾಟಕದ ಐದನೆಯ ಒಂದು ಭಾಗಕ್ಕಿಂತ ತುಸುವೇ ದೊಡ್ಡದಾದ ಆ ದೇಶದಲ್ಲಿ ಮೂವತ್ತೈದು ಲಕ್ಷಕ್ಕೂ ಮಿಕ್ಕಿ ದನಗಳು, ಸುಮಾರು ಒಂದು ಕೋಟಿ ಹಂದಿಗಳು. ಮೇವು ಹಡಗಿನಲ್ಲಿ ಹೊರಗಿನಿಂದ ಬರುತ್ತದೆ, ಸಗಣಿ ಅಲ್ಲೇ ಉಳಿಯುತ್ತದೆ. ಅದರಿಂದ ಏಳುವ ಅಮೋನಿಯಾ ಕುರುಚಲು ಕಾಡು, ಜೌಗುಗಳ ಮೇಲೆ ಇಳಿದು ಅಲ್ಲಿಯ ಸಸ್ಯಕುಲವನ್ನೇ ಕೆಡಿಸುತ್ತಿದೆ. 2019ರ ಮೇ ತಿಂಗಳಲ್ಲಿ ಅಲ್ಲಿಯ ಉನ್ನತ ಆಡಳಿತ ನ್ಯಾಯಪೀಠ ಸರ್ಕಾರದ ಸಾರಜನಕ ನೀತಿಯನ್ನು ತಳ್ಳಿಹಾಕಿತು. ದನಗಳ ಸಂಖ್ಯೆ ಇಳಿಸುವ ಮಾತು ಎದ್ದಾಗ ರೈತರು ಟ್ರ್ಯಾಕ್ಟರುಗಳೊಡನೆ ಹೇಗ್ ನಗರಕ್ಕೆ ಮುತ್ತಿಗೆ ಹಾಕಿದರು. 2023ರ ಪ್ರಾಂತೀಯ ಚುನಾವಣೆಯಲ್ಲಿ ರೈತಪರ ಪಕ್ಷವೇ ಎಲ್ಲರಿಗಿಂತ ಮುಂದೆ ಬಂತು.

ರೈತರ ಅಂಜಿಕೆಗೆ ಆ ನೆಲದಲ್ಲೇ ಹಳೆಯ ಕಾರಣವೊಂದಿದೆ. ಜೀಲೆಂಡ್ ಪ್ರಾಂತದಲ್ಲಿ ಶತಮಾನಗಳ ಕಾಲ ಕೆಂಪು ಬಣ್ಣಕ್ಕಾಗಿ ಮಂಜಿಷ್ಠದ ಬಳಗದ ಒಂದು ಗಿಡವನ್ನು ಬೆಳೆಯುತ್ತಿದ್ದರು. ಬೇರನ್ನು ಒಣಗಿಸಿ ಕುಟ್ಟುವ ಒಲೆಮನೆಗಳು ಎಷ್ಟೋ ಕಡೆ ರೈತರ ಕೂಡೊಡೆತನದಲ್ಲಿದ್ದವು. 1869ರಲ್ಲಿ ಅದೇ ಬಣ್ಣದ ದ್ರವ್ಯವನ್ನು ಕಲ್ಲಿದ್ದಲ ಡಾಂಬರಿನಿಂದ ತಯಾರಿಸುವ ಹಕ್ಕುಪತ್ರವನ್ನು ರಸಾಯನ ವಿಜ್ಞಾನಿಗಳು ಪಡೆದರು. ಒಂದೆರಡು ದಶಕಗಳಲ್ಲಿ ಆ ಬೇಸಾಯ ನೆಲಕಚ್ಚಿತು. ಬಣ್ಣ ಉಳಿಯಿತು, ಬೆಳೆದವನು ಉಳಿಯಲಿಲ್ಲ.

ಈ ಬಾರಿ ಕೆಲವು ಡಚ್ ರೈತರು ಬೇರೊಂದು ದಾರಿ ಹುಡುಕುತ್ತಿದ್ದಾರೆ. ಹಂಡೆ ಕಂಪನಿಯ ಅಂಗಳದಲ್ಲೇ ಏಕಿರಬೇಕು, ಕೊಟ್ಟಿಗೆಯ ಪಕ್ಕದಲ್ಲೇ ಇರಲಿ ಎಂಬುದು ಅವರ ವಾದ. ರೆಸ್ಪೆಕ್ಟ್‌ಫಾರ್ಮ್ಸ್ ಎಂಬ ಸಂಸ್ಥೆ ದಕ್ಷಿಣ ಹಾಲೆಂಡ್ ಪ್ರಾಂತದ ಒಂದು ಹೈನುಮನೆಯಲ್ಲಿ ಇದರ ಪ್ರಯೋಗಕ್ಕೆ ಕೈಹಾಕಿದೆ. ಕೆಲವೇ ಹಸುಗಳು, ಅವುಗಳದೇ ಜೀವಕೋಶ, ರೈತನದೇ ಹಂಡೆ. ಇದು ಕೈಗೂಡುವುದು ಸುಲಭವಲ್ಲ. ಆಸ್ಪತ್ರೆಯ ಶಸ್ತ್ರಕೋಣೆಯಷ್ಟು ಶುದ್ಧಿ ಬೇಕು, ಹಗಲಿರುಳು ವಿದ್ಯುತ್ ಬೇಕು. ಜೀವಕೋಶಗಳಿಗೆ ಉಣಿಸುವ ಸಕ್ಕರೆಯೂ ಯಾರದೋ ಹೊಲದಲ್ಲೇ ಬೆಳೆಯಬೇಕು. ಆದರೂ ಯಂತ್ರ ಯಾರದು ಎಂಬ ಪ್ರಶ್ನೆಯನ್ನು ಯಂತ್ರ ಬರುವ ಮುನ್ನವೇ ಎತ್ತಿದ್ದು ಅವರ ಜಾಣತನ. ಮಂಜಿಷ್ಠದ ರೈತರಿಗೆ ಆ ಅವಕಾಶ ಸಿಗಲಿಲ್ಲ.

ಮಲೆನಾಡಿಗೆ ಇದರ ಗೊಡವೆ ಏಕೆ ಎಂದು ಹಿರಿಯರು ಕೇಳಬಹುದು. ಮೊದಲನೆಯದಾಗಿ, ಭಾರತವೂ ಈ ಹಾದಿಯಲ್ಲಿದೆ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 2024ರ ಜನವರಿಯಲ್ಲಿ ಹಂಡೆಯ ಮೀನಿಗಾಗಿ ಖಾಸಗಿ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡಿತು. ಎರಡನೆಯದು ಇದಕ್ಕಿಂತ ಮುಖ್ಯ: ಅಲ್ಲಿ ಶಾಪವಾದ ಸಗಣಿ ಇಲ್ಲಿ ತೋಟದ ಅನ್ನ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು, ದನ ತುಳಿದು, ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರುವ ಈ ಸರಪಳಿಯಲ್ಲಿ ಹಾಲು ಅನೇಕ ಮನೆಗಳಲ್ಲಿ ಎರಡನೆಯ ಲಾಭ. ಹಂಡೆ ಮಾಂಸ ಕೊಟ್ಟೀತು, ಹಾಲಿನ ಪುಡಿ ಕೊಟ್ಟೀತು, ಗೊಬ್ಬರ ಕೊಡದು. ಹಾಲಿನ ದರ ಬಿದ್ದು ಕೊಟ್ಟಿಗೆ ಬರಿದಾದರೆ ತೋಟಕ್ಕೆ ಚೀಲದ ಗೊಬ್ಬರವೇ ಗತಿ. ನೆದರ್ಲೆಂಡ್ಸ್‌ನ ಮದ್ದನ್ನು ಇಲ್ಲಿಗೆ ತರುವವರು ಇಲ್ಲಿ ಆ ರೋಗ ಇದೆಯೇ ಎಂದು ಮೊದಲು ನೋಡಬೇಕು.

ಇನ್ನು ಎಳ್ಳುಕಾಳಿನಷ್ಟು ತುಣುಕಿನ ವಿಚಾರ. ಮಳೆ, ಉಣ್ಣೆಹುಳು, ಒಣಹುಲ್ಲು ಎಲ್ಲವನ್ನೂ ತಾಳುವ ಮಲೆನಾಡು ಗಿಡ್ಡದ ಜೀವಕೋಶಕ್ಕೂ ಮುಂದೆ ಯಾರಾದರೂ ಬೆಲೆ ಕಟ್ಟಬಹುದು. 2002ರ ಜೀವವೈವಿಧ್ಯ ಕಾಯಿದೆ ಪ್ರಾಣಿಗಳನ್ನೂ ಅವುಗಳ ಭಾಗಗಳನ್ನೂ ಜೈವಿಕ ಸಂಪನ್ಮೂಲವೆಂದೇ ಗಣಿಸುತ್ತದೆ. ಊರಿನ ಜೀವವೈವಿಧ್ಯ ನಿರ್ವಹಣಾ ಸಮಿತಿ ಜನತಾ ದಾಖಲಾತಿಯನ್ನು ಸಿದ್ಧಪಡಿಸಬೇಕಾದದ್ದೂ ಆ ಕಾಯಿದೆಯ ಅಡಿಯಲ್ಲೇ. ತಮ್ಮ ಊರಿನ ದಾಖಲಾತಿಯಲ್ಲಿ ಗಿಡ್ಡದ ಹೆಸರಿದೆಯೇ, ಅದನ್ನು ಸಾಕಿದವರ ಅರಿವು ಬರೆದಿಟ್ಟಿದೆಯೇ ಎಂಬುದನ್ನು ವಿದ್ಯಾರ್ಥಿಗಳು ಈ ರಜೆಯಲ್ಲೇ ಪಂಚಾಯತಿ ಕಚೇರಿಗೆ ಹೋಗಿ ನೋಡಿ ಬರಲಿ.